ಡಾಕ್ಟರಮ್ಮನ ಕಾರಿಗೆ ಯಾವ ಗೇರ್ ಆಯಿಲ್?

2023ರಲ್ಲಿ ನಾನು ಯಶವಂತಪುರದ ಒಂದು ಖಾಸಗಿ ತೈಲ ಪರೀಕ್ಷಾ ಪ್ರಯೋಗಾಲಯದಲ್ಲಿ ಸಲಹೆಗಾರ್ತಿಯಾಗಿದ್ದೆ. ಅದಕ್ಕೂ ಮೊದಲು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಲೂಬ್ರಿಕೆಂಟ್ ಕಂಪನಿಯೊಂದರ ಟೆಕ್ನಿಕಲ್ ಸರ್ವಿಸ್ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತಳಾಗಿದ್ದೆ. ಲೂಬ್ರಿಕೆಂಟ್ ಎಂದರೆ ಯಂತ್ರದೊಳಗೆ ಲೋಹಕ್ಕೆ ಲೋಹ ಉಜ್ಜದಂತೆ ಕಾಯುವ ಎಣ್ಣೆ, ಗ್ರೀಸು. ಯಾವ ಯಂತ್ರಕ್ಕೆ ಯಾವ ಎಣ್ಣೆ ಎಂದು ಹೇಳುವುದು, ಹೇಳಿದ್ದು ಸರಿಹೋಗದಿದ್ದರೆ ಹೋಗಿ ಬೈಸಿಕೊಂಡು ಬರುವುದು, ಇವೆರಡೂ ನನ್ನ ಕೆಲಸದ ಭಾಗ. ಮದುವೆ ಮನೆಗಳಲ್ಲಿ ಯಾರಾದರೂ ಉದ್ಯೋಗ ವಿಚಾರಿಸಿದಾಗ ‘ಎಣ್ಣೆ ಕಂಪನಿ’ ಎಂದರೆ, ಕಡಲೆಕಾಯಿ ಎಣ್ಣೆಯ ಬೆಲೆ ಯಾಕೆ ಹೀಗೆ ಏರಿದೆ ಎಂದು ಕೇಳುತ್ತಿದ್ದರು. ನಾನೂ ನನಗೆ ತೋಚಿದ ಉತ್ತರ ಕೊಡುತ್ತಿದ್ದೆ.

ಸಕ್ಕರೆ ಕಾರ್ಖಾನೆ, ಬಸ್ಸು, ಕ್ರೇನು, ಅಚ್ಚಿನ ಯಂತ್ರ ಹೀಗೆ ಬಗೆಬಗೆಯ ಯಂತ್ರಗಳ ಹೊಟ್ಟೆ ನೋಡಿದ್ದೇನೆ. ಆದರೂ ನನ್ನ ವೃತ್ತಿಯ ಬಗ್ಗೆ ಹೇಳಿ ಎಂದರೆ ಮೊದಲು ನೆನಪಾಗುವುದು ಒಂದು ಹಳೆಯ ಕಾರು.

ಆ ವರ್ಷ ಮಳೆಗಾಲ ಹಿಡಿಯುವ ಮುಂಚೆ ತಣಿಸಂದ್ರದ ಬಿಲ್ಡರ್ ನಾಗರಾಜ್ ಫೋನ್ ಮಾಡಿದರು. ಅವರ ಮಣ್ಣು ಅಗೆಯುವ ಯಂತ್ರಗಳ ಎಣ್ಣೆಯ ಮಾದರಿಗಳು ನಮ್ಮ ಲ್ಯಾಬಿಗೆ ಬರುತ್ತಿದ್ದುದರಿಂದ ಪರಿಚಯವಿತ್ತು.

“ಮೇಡಂ, ಇದೊಂದ್ ಪರ್ಸನಲ್ ಕೆಲ್ಸ. ಸೈಟಿಂದ್ ಮಷೀನ್ ಅಲ್ಲ, ನಮ್ಮಪ್ಪನ್ ಕಾರು. ಗೇರ್ ಹಾಕಿದ್ರೆ ಕಲ್ಲು ಕಡಿದಂಗೆ ಸೌಂಡು ಬರ್ತೈತೆ. ನಿಮ್ ಲ್ಯಾಬ್ ಹತ್ರಾನೇ ಗ್ಯಾರೇಜಲ್ಲಿ ನಿಂತೈತೆ. ಒಂದ್ ಸಲ ಬಂದ್ ನೋಡ್ತೀರಾ?”

ಗ್ಯಾರೇಜು ಮಾರ್ಕೆಟ್ ಯಾರ್ಡಿನ ಹಿಂದಿನ ಬೀದಿಯಲ್ಲಿತ್ತು. ಈರುಳ್ಳಿ ಲಾರಿಗಳ ನಡುವೆ ದಾರಿ ಮಾಡಿಕೊಂಡು ಒಳಗೆ ಹೋದಾಗ ಬೂದುನೀಲಿ ಬಣ್ಣದ ನಾಲ್ಕು ಬಾಗಿಲಿನ ಕಾರೊಂದು ಕಾಣಿಸಿತು. ಐವತ್ತರ ದಶಕದಲ್ಲಿ ಯುರೋಪಿನಲ್ಲಿ ತಯಾರಾದದ್ದು. ಕಂಪನಿಯ ಹೆಸರು ಇಲ್ಲಿ ಬೇಡ. ಬಣ್ಣ ಹೊಸದು, ಸೀಟುಗಳ ಬಟ್ಟೆ ಹೊಸದು, ಬ್ರೇಕುಗಳನ್ನು ಪೂರ್ತಿ ಹೊಸದಾಗಿ ಕೂರಿಸಿದ್ದರು. ಬಾನೆಟ್ ಮೇಲೆ ಕೈಯಿಟ್ಟುಕೊಂಡು ನಾಗರಾಜರ ತಂದೆ ಪಿಳ್ಳಪ್ಪ ನಿಂತಿದ್ದರು. ಎಪ್ಪತ್ತು ದಾಟಿದ ವಯಸ್ಸು, ಇಸ್ತ್ರಿ ಮಾಡಿದ ಬಿಳಿ ಅಂಗಿ, ನೆಟ್ಟಗಿನ ಬೆನ್ನು.

ಅವರ ಕಥೆಯನ್ನು ಅವರೇ ಹೇಳಿದರು. ತಣಿಸಂದ್ರ ಇನ್ನೂ ಹಳ್ಳಿಯಾಗಿದ್ದ ಕಾಲದಲ್ಲಿ, ಇದ್ದ ಹೊಲದಲ್ಲಿ ಅಣ್ಣತಮ್ಮಂದಿರಿಗೆಲ್ಲ ಕೆಲಸ ಸಾಲದೆ, ಅವರು ಆರ್.ಟಿ. ನಗರದಲ್ಲಿ ಕ್ಲಿನಿಕ್ ಇಟ್ಟಿದ್ದ ಒಬ್ಬ ಹೆರಿಗೆ ಡಾಕ್ಟರ ಬಳಿ ಡ್ರೈವರಾಗಿ ಸೇರಿದರು. ಊರಿನವರಿಗೆಲ್ಲ ಆಕೆ ಡಾಕ್ಟರಮ್ಮ. ಸುತ್ತಲಿನ ಯಾವ ಹಳ್ಳಿಯಿಂದ ಕರೆ ಬಂದರೂ ಈ ಕಾರಿನಲ್ಲೇ ಹೋಗುತ್ತಿದ್ದರಂತೆ. ಪಿಳ್ಳಪ್ಪನವರ ಹೆಂಡತಿಗೆ ಹೆರಿಗೆ ನೋವು ಬಂದು ಆಸ್ಪತ್ರೆಗೆ ಕರೆದೊಯ್ಯುವಾಗ ಹೆಬ್ಬಾಳದ ಹತ್ತಿರ ರೈಲ್ವೆ ಗೇಟು ಹಾಕಿತ್ತು. ಗೂಡ್ಸ್ ರೈಲು ದಾಟಿ ಗೇಟು ತೆಗೆಯುವಷ್ಟರಲ್ಲಿ ನಾಗರಾಜರು ಇದೇ ಕಾರಿನ ಹಿಂದಿನ ಸೀಟಿನಲ್ಲಿ ಹುಟ್ಟಿದ್ದರು. ಡಾಕ್ಟರಮ್ಮ ಮದುವೆಯಾಗಿರಲಿಲ್ಲ. ತೀರಿಕೊಳ್ಳುವ ಮುಂಚೆ ಕಾರನ್ನು ಪಿಳ್ಳಪ್ಪನವರ ಹೆಸರಿಗೆ ಮಾಡಿಸಿಕೊಟ್ಟರು. ಮುಂದೆ ಹೊಲ ಹೋಗಿ ಅಪಾರ್ಟ್‌ಮೆಂಟು ಬಂತು, ಮನೆಗೆ ದೊಡ್ಡ ದೊಡ್ಡ ಕಾರುಗಳು ಬಂದವು. ಇದು ಶೆಡ್ಡಿನಲ್ಲಿ ನಿಂತೇ ಇತ್ತು.

ಅದನ್ನು ಈಗ ಹೊರಗೆ ತೆಗೆಯಲು ಕಾರಣ, ಅಂದು ತಂದೆ, ತಾತನ ಜೊತೆ ಗ್ಯಾರೇಜಿಗೆ ಬಂದಿದ್ದ ನಾಗರಾಜರ ಮಗಳು ಹೇಮಾ. ಆಕೆ ಎಂಬಿಬಿಎಸ್ ಮುಗಿಸಿದ್ದಳು. ಚಿಕ್ಕಬಳ್ಳಾಪುರದ ಆಚೆಗಿನ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೆಲಸಕ್ಕೆ ಸೇರಲು ಆದೇಶ ಬಂದಿತ್ತು. ಮೊದಲ ದಿನ ಮೊಮ್ಮಗಳನ್ನು ಡಾಕ್ಟರಮ್ಮನ ಕಾರಿನಲ್ಲಿ, ತಾನೇ ಓಡಿಸಿಕೊಂಡು ಹೋಗಿ ಬಿಡಬೇಕೆಂದು ಪಿಳ್ಳಪ್ಪ ನಿಶ್ಚಯಿಸಿದ್ದರು. ಉಳಿದಿದ್ದದ್ದು ಹತ್ತು ಹನ್ನೆರಡು ದಿನ.

ನಾನು ಕಾರಿನಲ್ಲಿ ಕೂತು ಒಂದು ಸುತ್ತು ಹೋಗಿಬಂದೆ. ಎರಡನೇ ಗೇರಿಗೆ ಬರುವಾಗ ಕರ್ರೆಂದು ಹಲ್ಲು ಕಡಿಯುವ ಸದ್ದು. ವೇಗ ಹೆಚ್ಚಿದಾಗ ಹಿಂದಿನ ಸೀಟಿನ ಕೆಳಗಿನಿಂದ ಗುಂಯ್ ಎನ್ನುವ ಇನ್ನೊಂದು ಸದ್ದು. ಆಕ್ಸಿಲರೇಟರ್ ಬಿಟ್ಟರೆ ಅದರ ಸ್ವರ ಬದಲಾಗುತ್ತಿತ್ತು.

ಗ್ಯಾರೇಜಿನ ಅನ್ವರ್ ನಲವತ್ತರ ಆಸುಪಾಸಿನ ಅಚ್ಚುಕಟ್ಟಾದ ಮೆಕ್ಯಾನಿಕ್. ಆತನ ಮುಖ ಸಪ್ಪಗಾಗಿತ್ತು. “ಮೇಡಂ, ಕಳಪೆ ಮಾಲು ಹಾಕಿಲ್ಲ ನಾನು. ಅಂಗಡೀಲಿ ಇದ್ದಿದ್ರಲ್ಲಿ ಟಾಪ್ ಆಯಿಲ್ ಅದು. ಗೇರ್‌ಬಾಕ್ಸಿಗೂ ಅದೇ, ಹಿಂದ್ಗಡೆ ಹೌಸಿಂಗಿಗೂ ಅದೇ.”

ಡಬ್ಬಿ ತೋರಿಸಿದ. ಮೇಲೆ ಜಿಎಲ್-5 ಎಂದಿತ್ತು. ಇಲ್ಲಿ ಓದುಗರಿಗೆ ಸ್ವಲ್ಪ ವಿವರಣೆ ಬೇಕು. ಗೇರ್ ಆಯಿಲ್‌ಗಳನ್ನು ಅವು ತಾಳುವ ಒತ್ತಡದ ಮೇಲೆ ದರ್ಜೆ ಮಾಡುತ್ತಾರೆ. ಜಿಎಲ್-5 ಭಾರೀ ಒತ್ತಡದ ಹಲ್ಲುಗಳಿಗೆ ಮಾಡಿದ್ದು. ಅದರಲ್ಲಿ ಗಂಧಕ, ರಂಜಕಗಳ ಸಂಯುಕ್ತಗಳನ್ನು ಹೆಚ್ಚಾಗಿ ಬೆರೆಸಿರುತ್ತಾರೆ. ಬಿಸಿಯಾದಾಗ ಅವು ಉಕ್ಕಿನ ಮೇಲ್ಮೈಯೊಂದಿಗೆ ಸೇರಿ ತೆಳುವಾದ ರಕ್ಷಾಪದರ ಕಟ್ಟುತ್ತವೆ. ಉಕ್ಕಿಗೆ ಅದು ಕವಚ. ಆದರೆ ಹಿತ್ತಾಳೆ, ಕಂಚು, ತಾಮ್ರಗಳ ಜೊತೆ ಅದೇ ಗಂಧಕ ಸೇರಿದರೆ ಲೋಹ ಕಪ್ಪಾಗುತ್ತದೆ, ನಿಧಾನವಾಗಿ ಸವೆಯುತ್ತದೆ. ಈಗಿನ ಕೆಲವು ಜಿಎಲ್-5 ತೈಲಗಳು ಅಷ್ಟು ಕಠಿಣವಾಗಿಲ್ಲ ಎಂಬುದನ್ನೂ ಹೇಳಬೇಕು. ಜಿಎಲ್-4ರಲ್ಲಿ ಈ ರಾಸಾಯನಿಕಗಳ ಪ್ರಮಾಣ ಕಡಿಮೆ.

ಹಳೆಯ ಗೇರ್‌ಬಾಕ್ಸ್‌ಗಳಲ್ಲಿ ಸಿಂಕ್ರೊ ರಿಂಗ್ ಎಂಬ ಹಿತ್ತಾಳೆಯ ಉಂಗುರಗಳಿರುತ್ತವೆ. ಗೇರ್ ಬದಲಿಸುವಾಗ ಎರಡು ಚಕ್ರಗಳ ವೇಗವನ್ನು ಉಜ್ಜಿ ಸಮ ಮಾಡುವುದು ಅವುಗಳ ಕೆಲಸ. ಎಣ್ಣೆ ತೀರಾ ಜಾರಿದರೆ ಉಂಗುರ ಹಿಡಿಯುವುದೇ ಇಲ್ಲ. ವೇಗ ಸಮವಾಗದೆ ಹಲ್ಲು ಹಲ್ಲಿಗೆ ತಗುಲುತ್ತದೆ. ಆ ಕರ್ರ್ ಸದ್ದು ಬಹುಮಟ್ಟಿಗೆ ಅದೇ. ಹಾಗಾಗಿ ಗೇರ್‌ಬಾಕ್ಸಿನ ಉತ್ತರ ಸುಲಭವಾಗಿತ್ತು: ಎಣ್ಣೆ ಇಳಿಸಿ, ಜಿಎಲ್-4 ದರ್ಜೆಯ, 80W-90 ದಪ್ಪದ ಎಣ್ಣೆ ಹಾಕುವುದು.

ಹಿಂದಿನ ಆಕ್ಸಲ್‌ಗೆ, ಅಂದರೆ ಎಂಜಿನ್ನಿನ ತಿರುಗಾಟವನ್ನು ಹಿಂಚಕ್ರಗಳಿಗೆ ತಿರುಗಿಸಿ ಕೊಡುವ ಭಾಗಕ್ಕೆ, ಸಾಮಾನ್ಯವಾಗಿ ಜಿಎಲ್-5 ಸರಿ. ಬಹುತೇಕ ಕಾರುಗಳಲ್ಲಿ ಅಲ್ಲಿರುವುದು ಉಕ್ಕಿನ ಹಲ್ಲುಗಳು. ಆದರೆ ಆ ಗುಂಯ್ ಸದ್ದು ನನಗೆ ಒಪ್ಪಿಗೆಯಾಗಿರಲಿಲ್ಲ. ಕಾರನ್ನು ಲಿಫ್ಟ್ ಮೇಲೆತ್ತಿಸಿ ಕೆಳಗೆ ನಿಂತು ನೋಡಿದೆ. ಮುಂದಿನಿಂದ ಬರುವ ಶಾಫ್ಟ್ ಮಾಮೂಲಿಗಿಂತ ಬಹಳ ಮೇಲ್ಗಡೆ ಒಳಗೆ ಹೋಗುತ್ತಿತ್ತು. ಹಲ್ಲುಗಳನ್ನು ಮುಚ್ಚಿಡುವ ಹೌಸಿಂಗಿನ ಆಕಾರವೂ ಬೇರೆ. ಅಗಲ ಕಡಿಮೆ, ಎತ್ತರ ಹೆಚ್ಚು.

“ಅನ್ವರ್, ಡ್ರೈನ್ ಪ್ಲಗ್ ಬಿಚ್ಚಿ,” ಎಂದೆ.

ಬಿಳಿ ತಟ್ಟೆಯೊಂದರಲ್ಲಿ ಸ್ವಲ್ಪ ಎಣ್ಣೆ ಹಿಡಿದು ಬಿಸಿಲಿಗೆ ಓರೆ ಮಾಡಿದೆ. ಕುಂಕುಮದಷ್ಟು ನಯವಾದ ಹೊಂಬಣ್ಣದ ಪುಡಿ ಮಿನುಗಿತು. ತಟ್ಟೆಯ ಕೆಳಗೆ ಅಯಸ್ಕಾಂತ ಆಡಿಸಿದೆ; ಪುಡಿ ಅಲುಗಲಿಲ್ಲ. ಅದು ಉಕ್ಕಲ್ಲ, ಕಂಚು.

ಕೆಲವೇ ಕೆಲವು ಹಳೆಯ ಕಾರುಗಳ ಹಿಂದಿನ ಆಕ್ಸಲ್‌ನಲ್ಲಿ ವರ್ಮ್ ಡ್ರೈವ್ ಎಂಬ ವ್ಯವಸ್ಥೆ ಇತ್ತು: ತಿರುಪಿನಂಥ ಒಂದು ಉಕ್ಕಿನ ದಂಡ, ಅದರ ಕೆಳಗೆ ಕಂಚಿನ ದೊಡ್ಡ ಹಲ್ಲುಗಾಲಿ. ಓದಿ ತಿಳಿದಿದ್ದೆ, ಕಣ್ಣಾರೆ ಕಂಡದ್ದು ಅಂದೇ ಮೊದಲು. ಆ ಕಂಚಿನ ಗಾಲಿಯನ್ನು ಗಂಧಕ ತುಂಬಿದ ಎಣ್ಣೆಯಲ್ಲಿ ಮುಳುಗಿಸಿಟ್ಟಿದ್ದರು. ಅಂಥ ಗಾಲಿ ಈಗ ಎಲ್ಲಿಯೂ ಸಿಗುವುದಿಲ್ಲ. ಹಲ್ಲು ಸವೆದು ರಸ್ತೆಯ ಮೇಲೆ ಸಿಕ್ಕಿಹಾಕಿಕೊಂಡರೆ ಹಿಂಚಕ್ರಗಳು ಓಡುತ್ತಿರುವಾಗಲೇ ಬಿಗಿದು ನಿಲ್ಲಬಹುದು. ವಿಮಾನ ನಿಲ್ದಾಣದ ರಸ್ತೆಯಲ್ಲಿ ಹಾಗಾದರೆ ಹಿಂದಿನಿಂದ ಬರುವ ವಾಹನ ಏನು ಮಾಡೀತು ಎಂದು ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಆದರೂ ಹೇಳಿದೆ.

ನಾಗರಾಜರು ಅನ್ವರ್ ಕಡೆ ತಿರುಗಿ ದನಿಯೇರಿಸಿದರು. ನಾನು ತಡೆದೆ. ನೂರು ಕಾರುಗಳಲ್ಲಿ ತೊಂಬತ್ತೊಂಬತ್ತಕ್ಕೆ ಆತ ಹಾಕಿದ್ದು ಸರಿಯಾದ ಎಣ್ಣೆ; ನಾನೂ ಕೆಳಗೆ ನಿಂತು ನೋಡದೆ ಫೋನಿನಲ್ಲೇ ಹೇಳಿದ್ದರೆ ಅದನ್ನೇ ಹೇಳುತ್ತಿದ್ದೆ ಎಂದೆ.

“ಹಂಗಾದ್ರೆ ಆ ಆಕ್ಸಲ್ಲೇ ತೆಗ್ದು ಬೇರೆ ಗಾಡೀದು ಕೂರ್ಸಾಣ ಬಿಡಿ ಮೇಡಂ. ಮೇಲ್ ನೋಡೋರ್ಗೇನ್ ಗೊತ್ತಾಗ್ತೈತೆ?” ನಾಗರಾಜರು ಕೇಳಿದರು.

ಪಿಳ್ಳಪ್ಪ ಮೊದಲ ಬಾರಿಗೆ ಮಗನ ಮೇಲೆ ರೇಗಿದರು. “ಇಂಗೆ ಒಂದೊಂದೇ ಬಿಚ್ಚಿ ಆಚೆಗಾಕಿದ್ರೆ ಕೊನೆಗೆ ಡಾಕ್ಟರಮ್ಮಂದು ಅಂತ ಏನ್ಲಾ ಉಳೀತದೆ? ಓಗೋದಾದ್ರೆ ಇದ್ರಾಗೇ ಓಗೋದು. ಇಲ್ದಿದ್ರೆ ನಾನು ಮನೇಲೇ ಇರ್ತೀನಿ, ನೀನೇ ಬಿಟ್ಟು ಬಾ.”

ನಾನು ಹೊರಡುವಾಗ ಹೇಮಾ ಬೀದಿಯವರೆಗೆ ಬಂದಳು. ಅದುವರೆಗೆ ಆಕೆ ಸುಮ್ಮನೆ ಕೇಳಿಸಿಕೊಳ್ಳುತ್ತಿದ್ದಳು.

“ಮೇಡಂ, ನಂಗೆ ಯಾವ ಗಾಡೀಲಿ ಹೋದ್ರೂ ಒಂದೇ. ತಾತಂಗೋಸ್ಕರ ಹೂಂ ಅಂದಿದೀನಿ. ಅವರ ಜೀವಕ್ಕೆ ಅಪಾಯ ಇದೆ ಅಂದ್ರೆ ನೀವೇ ಬೇಡ ಅಂತ ಹೇಳ್ಬಿಡಿ. ನಾವು ಹೇಳಿದ್ರೆ ಕೇಳಲ್ಲ. ನೀವು ಹೇಳಿದ್ರೆ ಒಪ್ಕೋತಾರೆ.”

ಎರಡು ದಿನ ಸಮಯ ಕೊಡು ಎಂದೆ. ಬೇಡ ಎಂಬ ಮಾತು ಅಲ್ಲೇ ನಾಲಿಗೆಯ ತುದಿಯಲ್ಲಿತ್ತು. ಆಡಿದ್ದರೆ ಅಂದು ರಾತ್ರಿ ನೆಮ್ಮದಿಯಾಗಿ ನಿದ್ದೆ ಮಾಡುತ್ತಿದ್ದೆ.

ಮರುದಿನ ಲ್ಯಾಬಿನಲ್ಲಿ ಕಾಪರ್ ಸ್ಟ್ರಿಪ್ ಟೆಸ್ಟ್ ಇಟ್ಟೆವು. ನಮ್ಮ ಕಸುಬಿನ ಅತ್ಯಂತ ಸರಳ ಪರೀಕ್ಷೆ ಇದು. ಹೊಳೆಯುವಂತೆ ಉಜ್ಜಿದ ತಾಮ್ರದ ಪಟ್ಟಿಯನ್ನು ಬಿಸಿ ಎಣ್ಣೆಯಲ್ಲಿ ಮೂರು ಗಂಟೆ ಮುಳುಗಿಸಿಟ್ಟು, ತೆಗೆದು, ಬಣ್ಣ ನೋಡುವುದು. ಆಕ್ಸಲ್‌ನಿಂದ ಇಳಿಸಿದ ಎಣ್ಣೆಯ ಪಟ್ಟಿ ವರ್ಷಗಟ್ಟಲೆ ಹುಣಸೆಹಣ್ಣು ಕಾಣದ ಚೆಂಬಿನಂತೆ ಕಪ್ಪಾಗಿತ್ತು. ಗೇರ್‌ಬಾಕ್ಸಿಗೆ ಆರಿಸಿದ್ದ ಜಿಎಲ್-4 ತೈಲದ ಪಟ್ಟಿ ತುಸು ಕಿತ್ತಳೆಗೆ ತಿರುಗಿತ್ತು, ಅಷ್ಟೇ. ಅಲ್ಲಿಗೆ ಅದು ಸಾಕು.

ಕಂಚಿನ ಗಾಲಿಗೆ ಮಾತ್ರ ಅದು ಸಾಲದು. ವರ್ಮ್ ಡ್ರೈವಿನಲ್ಲಿ ಹಲ್ಲುಗಳು ಉರುಳುವುದಕ್ಕಿಂತ ಜಾರುವುದೇ ಹೆಚ್ಚು. ಜಾರುವಾಗ ಶಾಖ ಏಳುತ್ತದೆ; ದಪ್ಪನೆಯ, ಲೋಹಕ್ಕೆ ಅಂಟಿ ನಿಲ್ಲುವ ಎಣ್ಣೆ ಬೇಕು. ಕಾರಿನ ಮ್ಯಾನುಯಲ್ ಯಾರ ಬಳಿಯೂ ಇರಲಿಲ್ಲ. ಡಾಕ್ಟರಮ್ಮನ ಕಾಲದಲ್ಲಿ ಏನು ಹಾಕುತ್ತಿದ್ದಿರಿ ಎಂದು ಪಿಳ್ಳಪ್ಪನವರಿಗೆ ಫೋನ್ ಮಾಡಿ ಕೇಳಿದೆ.

“ಎಸರು ನೆಪ್ಪಿಲ್ಲ ಕಣಮ್ಮ. ಅರಳೆಣ್ಣೆ ವಾಸ್ನೆ ಒಡೀತಿತ್ತು. ಅರಳೆಣ್ಣೇನೇ ಉಯ್ದು ಬಿಡಾಣ್ವಾ?”

ಹರಳೆಣ್ಣೆ ಮತ್ತು ಕಂಚು ಒಗ್ಗುತ್ತವೆ ಎಂಬುದು ನಿಜ. ಹಿಂದೆ ಇಂಥ ಆಕ್ಸಲ್‌ಗಳಿಗೆ ಹರಳೆಣ್ಣೆ ಬೆರೆತ ತೈಲ ಹಾಕುತ್ತಿದ್ದರು. ಆದರೆ ಬರೀ ಹರಳೆಣ್ಣೆ ಕಾದು ಕಾದು ಅಂಟಾಗುತ್ತದೆ, ಮೂಲೆಗಳಲ್ಲಿ ಗಟ್ಟಿಯಾಗಿ ಕೂರುತ್ತದೆ. ಬೇಡ ಎಂದೆ. ಆದರೂ ಅವರ ಮಾತಿನಿಂದ ನನ್ನ ಯೋಚನೆ ಸರಿಯಾದ ಹಾದಿಯಲ್ಲಿದೆ ಎಂದು ಧೈರ್ಯ ಬಂತು. ಏಕೆಂದರೆ ನನ್ನ ತಲೆಯಲ್ಲಿದ್ದದ್ದು ಕಾರಿನ ಎಣ್ಣೆಯೇ ಅಲ್ಲ. ಹಳೆಯ ಲಿಫ್ಟುಗಳ ಯಂತ್ರದೊಳಗೂ ಉಕ್ಕಿನ ತಿರುಪು, ಕಂಚಿನ ಗಾಲಿಯೇ ಇರುತ್ತವೆ. ಅವುಗಳಿಗೆ ಕಾಂಪೌಂಡೆಡ್ ಆಯಿಲ್ ಹಾಕುತ್ತೇವೆ: ಖನಿಜ ತೈಲಕ್ಕೆ ಸ್ವಲ್ಪ ಕೊಬ್ಬಿನಾಂಶ ಬೆರೆಸಿದ್ದು, ಉಕ್ಕನ್ನು ಕಾಯುವ ಆ ಗಂಧಕದ ರಾಸಾಯನಿಕಗಳು ಇಲ್ಲದ್ದು. ನಾಗರಾಜರಿಗೆ ಇದನ್ನು ಹೇಳಿದಾಗ ಅವರು ನಕ್ಕರು. “ಏನ್ ಮೇಡಂ, ನಮ್ ಅಪಾರ್ಟ್‌ಮೆಂಟ್ ಲಿಫ್ಟಿಂದ್ ಆಯಿಲ್ ತಂದು ಕಾರಿಗೆ ಹಾಕ್ತೀರಾ?”

“ಲಿಫ್ಟಿಂದ ತರಲ್ಲ, ಹೊಸದೇ ತರ್ತೀನಿ,” ಎಂದೆ.

ತಮಾಷೆಯ ಒಳಗೊಂದು ನಿಜವಾದ ಪ್ರಶ್ನೆಯಿತ್ತು. ಲಿಫ್ಟಿನ ಯಂತ್ರ ನಿಧಾನವಾಗಿ ತಿರುಗುತ್ತದೆ, ಕಾರು ಗಂಟೆಗೆ ಅರವತ್ತು ಕಿಲೋಮೀಟರು ಓಡುತ್ತದೆ. ಆ ವೇಗದ ಕಡೆತಕ್ಕೆ ಎಣ್ಣೆ ಮಜ್ಜಿಗೆಯಂತೆ ನೊರೆ ಎದ್ದರೆ ಹಲ್ಲುಗಳ ನಡುವೆ ಎಣ್ಣೆಯ ಬದಲು ಗಾಳಿ ಸೇರುತ್ತದೆ. ಅದಕ್ಕಾಗಿ ನೊರೆ ಪರೀಕ್ಷೆಯನ್ನೂ ಮಾಡಿದೆವು. ಎಣ್ಣೆಯೊಳಗೆ ಗಾಳಿ ಊದಿ, ಎದ್ದ ನೊರೆ ಎಷ್ಟು ಬೇಗ ಇಳಿಯುತ್ತದೆ ಎಂದು ನೋಡುವ ಪರೀಕ್ಷೆ ಅದು. ತರಿಸಿದ್ದ ಎರಡು ತೈಲಗಳಲ್ಲಿ ಒಂದರ ನೊರೆ ಇಳಿಯುವ ಲಕ್ಷಣವೇ ಕಾಣಲಿಲ್ಲ. ಐಎಸ್‌ಒ ವಿಜಿ 460 ದಪ್ಪದ ಇನ್ನೊಂದು, ಊದುವುದು ನಿಲ್ಲಿಸಿದ ಕೂಡಲೇ ತಿಳಿಯಾಯಿತು. ಅದರಲ್ಲಿ ಮುಳುಗಿಸಿದ ತಾಮ್ರದ ಪಟ್ಟಿ ಹಾಕುವಾಗ ಹೇಗಿತ್ತೋ ಹೆಚ್ಚುಕಡಿಮೆ ಹಾಗೇ ಹೊರಬಂತು.

ಎಣ್ಣೆ ಸಿಕ್ಕಿತು. ಗಾಲಿ ಉಳಿದಿದೆಯೇ ಎಂಬುದು ಇನ್ನೂ ಗೊತ್ತಿರಲಿಲ್ಲ. ಆಕ್ಸಲ್ ಬಿಚ್ಚಿದರೆ ದಶಕಗಳಿಂದ ಒಂದಕ್ಕೊಂದು ಹೊಂದಿಕೊಂಡ ಹಲ್ಲುಗಳ ಕೂಟ ಕೆಡುತ್ತದೆ. ಬಿಚ್ಚದೆ ನೋಡುವ ದಾರಿಯನ್ನು ಅನ್ವರ್ ಸೂಚಿಸಿದ. ಆತನ ಬಳಿ ಬೆರಳಿಗಿಂತ ತೆಳ್ಳಗಿನ ಕೇಬಲ್ಲಿನ ತುದಿಗೆ ಕ್ಯಾಮೆರಾ ಇದ್ದ ಉಪಕರಣವಿತ್ತು. ಎಣ್ಣೆ ತುಂಬುವ ತೂತಿನಿಂದ ಅದನ್ನು ಒಳಗೆ ಬಿಟ್ಟು, ಚಿತ್ರವನ್ನು ಮೊಬೈಲಿನಲ್ಲಿ ನೋಡುತ್ತಾ ಹಿಂಚಕ್ರವನ್ನು ಕೈಯಿಂದ ನಿಧಾನವಾಗಿ ತಿರುಗಿಸಿದೆವು. ಒಂದೊಂದೇ ಹಲ್ಲು ಪರದೆಯ ಮೇಲೆ ಬಂದು ಹೋಯಿತು. ಮೊದಮೊದಲಿನವು ಕಂದು ಬಣ್ಣಕ್ಕೆ ತಿರುಗಿದ್ದವು. ನಾನು ಹುಡುಕುತ್ತಿದ್ದದ್ದು ಸಣ್ಣ ಸಣ್ಣ ಗುಳಿಗಳನ್ನು, ಚೂಪಾದ ಅಂಚನ್ನು. ಗಾಲಿ ಪೂರ್ತಿ ಒಂದು ಸುತ್ತು ಬಂತು. ಇನ್ನೊಂದು ಸುತ್ತು ತಿರುಗಿಸಿ ಎಂದೆ.

ಕಲೆ ಇತ್ತು, ಗುಳಿ ಇರಲಿಲ್ಲ. ಹಲ್ಲುಗಳ ಅಂಚುಗಳು ದುಂಡಗೆ, ದಪ್ಪಗೆ ಇದ್ದವು. ಕೆಟ್ಟ ಎಣ್ಣೆಯಲ್ಲಿ ಕಾರು ಹೆಚ್ಚು ಓಡಿರಲಿಲ್ಲವಾದ್ದರಿಂದ ಗಂಧಕ ಮೇಲ್ಮೈಯನ್ನಷ್ಟೇ ಮುಟ್ಟಿತ್ತು.

“ಬಚಾವ್ ಆದ್ವಿ ಮೇಡಂ,” ಎಂದು ಅನ್ವರ್ ಟೈರಿನ ಮೇಲೆ ಕೂತುಬಿಟ್ಟ. ಪಿಳ್ಳಪ್ಪ ಆತನ ಬೆನ್ನು ತಟ್ಟಿದರು. ನಾಗರಾಜರು ಹೊರಗೆ ಹೋಗಿ ಎಲ್ಲರಿಗೂ ಟೀ ಹೇಳಿ ಬಂದರು; ಅನ್ವರ್‌ನ ಲೋಟವನ್ನು ತಾವೇ ಕೈಗೆ ಕೊಟ್ಟರು.

ಒಳಗೆ ಉಳಿದ ಹಳೆಯ ಎಣ್ಣೆಯನ್ನು ಸೀಮೆಎಣ್ಣೆಯಿಂದ ತೊಳೆಯಲು ನಾನು ಒಪ್ಪಲಿಲ್ಲ. ಅದರ ಪಸೆ ಉಳಿದರೆ ಹೊಸ ಎಣ್ಣೆ ತೆಳುವಾಗುತ್ತದೆ. ಏನೂ ಬೆರೆಸದ ತೆಳು ಖನಿಜ ತೈಲ ಹಾಕಿ, ಚಕ್ರಗಳನ್ನು ಮೇಲೆತ್ತಿದ ಸ್ಥಿತಿಯಲ್ಲೇ ಸ್ವಲ್ಪ ಹೊತ್ತು ತಿರುಗಿಸಿ, ಇಳಿಸಿ, ಮತ್ತೆ ಹಾಕಿ ಇಳಿಸಿದೆವು. ಎರಡನೇ ಬಾರಿ ಬಿಳಿ ತಟ್ಟೆಯಲ್ಲಿ ಮಿನುಗು ಕಾಣಲಿಲ್ಲ. ಆಮೇಲೆ ಗೇರ್‌ಬಾಕ್ಸಿಗೆ ಜಿಎಲ್-4, ಆಕ್ಸಲ್‌ಗೆ ಹೊಸ ತೈಲ. ಮಟ್ಟಕ್ಕಿಂತ ಒಂದು ತೊಟ್ಟೂ ಹೆಚ್ಚು ಬೇಡ ಎಂದು ಎಚ್ಚರಿಸಿದೆ. ಹೆಚ್ಚಾದದ್ದು ಎಣ್ಣೆ ತಡೆಯುವ ಸೀಲು ದಾಟಿ ಬ್ರೇಕಿನ ಮೇಲೆ ಸೋರುತ್ತದೆ.

ಭಾನುವಾರ ಬೆಳಿಗ್ಗೆ ಪರೀಕ್ಷಾ ಓಟ. ಪಿಳ್ಳಪ್ಪ ಸ್ಟಿಯರಿಂಗ್ ಹಿಡಿದರು, ಪಕ್ಕದಲ್ಲಿ ಹೇಮಾ, ಹಿಂದೆ ನಾನು. ನಮ್ಮ ಬೆನ್ನಿಗೆ ನಾಗರಾಜರ ಕಾರಿನಲ್ಲಿ ಅನ್ವರ್. ನನ್ನ ಕೈಯಲ್ಲಿ ಮುಟ್ಟದೆ ಶಾಖ ಅಳೆಯುವ ಥರ್ಮಾಮೀಟರ್. ಹೌಸಿಂಗಿನ ಮೇಲ್ಮೈ ನೂರು ಡಿಗ್ರಿ ದಾಟಿದರೆ ಓಟ ಅಲ್ಲಿಗೇ ಮುಗಿಯಿತು, ಟೋಯಿಂಗ್ ಗಾಡಿ ಕರೆಸುವುದು ಎಂದು ಮೊದಲೇ ಮಾತಾಗಿತ್ತು.

ಗೇರು ಎರಡಕ್ಕೆ ಬಂತು. ಸದ್ದಿಲ್ಲ. ಪಿಳ್ಳಪ್ಪ ಕನ್ನಡಿಯಲ್ಲಿ ನನ್ನನ್ನು ನೋಡಿದರು. ಹೆಬ್ಬಾಳದ ಫ್ಲೈಓವರ್ ದಾಟಿ ನಿಲ್ಲಿಸಿದಾಗ ಐವತ್ತೆಂಟು ಡಿಗ್ರಿ. ಯಲಹಂಕದಲ್ಲಿ ಎಪ್ಪತ್ತನಾಲ್ಕು. ಏರಿಕೆ ನನಗೆ ಹಿಡಿಸಲಿಲ್ಲ. ದೇವನಹಳ್ಳಿ ಹತ್ತಿರ ಎಂಬತ್ತೇಳು. ಹೇಮಾ ಕೆಳಗಿಳಿದು ಬಂದು ಅಂಕಿ ನೋಡಿ ನನ್ನ ಮುಖ ನೋಡಿದಳು.

“ಜ್ವರ ನೋಡ್ದಂಗೆ ನೋಡ್ತಿದೀರಲ್ಲಮ್ಮ ಇಬ್ರೂ! ಏನಾಯ್ತು, ಏರ್ತಾ ಐತಾ?” ಪಿಳ್ಳಪ್ಪ ಕಿಟಕಿಯಿಂದ ತಲೆ ಹೊರಹಾಕಿ ಕೇಳಿದರು.

“ಇನ್ನೂ ಸ್ವಲ್ಪ ದೂರ ಇದೇ ವೇಗದಲ್ಲಿ ಹೋಗಿ,” ಎಂದೆ. ವರ್ಮ್ ಡ್ರೈವ್ ಬಿಸಿಯಾಗುವುದು ಸಹಜ. ಬಿಸಿ ಒಂದು ಕಡೆ ಬಂದು ನಿಲ್ಲುತ್ತದೆಯೇ, ಏರುತ್ತಲೇ ಹೋಗುತ್ತದೆಯೇ ಎಂಬುದರಲ್ಲಿ ಎಲ್ಲವೂ ಇತ್ತು. ಮುಂದಿನ ಅರ್ಧ ಗಂಟೆ ಹೊರಗಿನ ದ್ರಾಕ್ಷಿ ತೋಟಗಳನ್ನಾಗಲೀ ನಂದಿಯ ಬೆಟ್ಟವನ್ನಾಗಲೀ ನಾನು ನೋಡಲಿಲ್ಲ. ಸೀಟಿನ ಕೆಳಗಿನ ಸದ್ದಿಗೇ ಕಿವಿಗೊಟ್ಟಿದ್ದೆ. ಗುಂಯ್ ಎನ್ನುವುದು ಅಡಗಿ, ಬೀಸುಕಲ್ಲಿನಲ್ಲಿ ಹಿಟ್ಟು ಬೀಸಿದಂಥ ಮೆದುವಾದ ಸದ್ದಷ್ಟೇ ಉಳಿದಿತ್ತು.

ಚಿಕ್ಕಬಳ್ಳಾಪುರಕ್ಕೆ ಮುಂಚೆ ಮತ್ತೆ ನಿಲ್ಲಿಸಿ ಬಗ್ಗಿ ಅಳೆದೆ. ಎಂಬತ್ತೆಂಟು. ಹೌಸಿಂಗಿನ ಬೇರೆ ಜಾಗದಲ್ಲಿ ಅಳೆದೆ. ಎಂಬತ್ತೇಳು. ಅನ್ವರ್ ಹಿಂಚಕ್ರಗಳ ಹಿಂದೆ ಬೆರಳಾಡಿಸಿ ತೋರಿಸಿದ, ಒಣಗಿತ್ತು. ಬಿಸಿ ನಿಂತಿತ್ತು, ಸೋರಿಕೆ ಇರಲಿಲ್ಲ.

ಹೇಮಾಳಿಗೆ “ಹೋಗಬಹುದು” ಎಂದೆ. ಆಕೆ ನನ್ನ ಕೈ ಹಿಡಿದುಕೊಂಡಳು. ಪಿಳ್ಳಪ್ಪ ಕರವಸ್ತ್ರದಿಂದ ಕಣ್ಣೊರೆಸಿಕೊಂಡು, ಧೂಳು ಬಿತ್ತು ಎಂದರು.

ಅವರು ಹೊರಟ ದಿನ ನಾನು ಲ್ಯಾಬಿನಲ್ಲಿದ್ದೆ. ಫೋನನ್ನು ಮೇಜಿನ ಮೇಲೇ ಇಟ್ಟುಕೊಂಡಿದ್ದೆ. ಲೆಕ್ಕ ಹಾಕಿದ ಹೊತ್ತು ಕಳೆದರೂ ಕರೆ ಬರಲಿಲ್ಲ. ನಾನೇ ಮಾಡೋಣವೆಂದು ಎತ್ತಿಕೊಳ್ಳುವಾಗ ಅದು ಬಡಿದುಕೊಂಡಿತು.

“ಮೇಡಂ, ಆರಾಮಾಗಿ ತಲುಪಿದ್ವಿ. ದಾರೀಲಿ ತಾತ ಇಡ್ಲಿ ತಿನ್ನೋಕೆ ನಿಲ್ಲಿಸಿದ್ರು, ಅದಕ್ಕೇ ಲೇಟು. ಆಸ್ಪತ್ರೆ ಮುಂದೆ ಇಳಿದ ತಕ್ಷಣ ಕಾರಿನ ಕೆಳಗೆ ಬಗ್ಗಿ ನೋಡಿದ್ರು, ಒಂದ್ ಹನೀನೂ ಬಿದ್ದಿಲ್ಲ. ಒಂದ್ ನಿಮಿಷ... ಮೇಡಂ, ಆಮೇಲ್ ಮಾಡ್ತೀನಿ, ಪೇಷೆಂಟ್ ಬಂದ್ರು.”

ಆರು ತಿಂಗಳ ನಂತರ ಅನ್ವರ್ ಆ ಆಕ್ಸಲ್‌ನ ಎಣ್ಣೆಯ ಮಾದರಿಯನ್ನು ಲ್ಯಾಬಿಗೆ ತಂದ. ಅದರಲ್ಲಿ ತಾಮ್ರದ ಅಂಶ ನಾನು ಎಣಿಸಿದ್ದಕ್ಕಿಂತ ಕಡಿಮೆಯಿತ್ತು. ಅಂದರೆ ಕಂಚು ಸವೆಯುವುದು ಹೆಚ್ಚುಕಡಿಮೆ ನಿಂತಿತ್ತು. ಈಗ ಹಳೆಯ ಕಾರು ಗ್ಯಾರೇಜಿಗೆ ಬಂದರೆ ಆತ ಮೊದಲು ನನಗೆ ಆಕ್ಸಲ್‌ನ ಫೋಟೊ ಕಳಿಸುತ್ತಾನೆ. ಆಮೇಲೆ ಇಬ್ಬರೂ ಸೇರಿ ಎಣ್ಣೆ ಆರಿಸುತ್ತೇವೆ.

ಒಳ್ಳೆಯ ಎಣ್ಣೆ ಎಂಬುದು ಡಬ್ಬಿಯ ದರ್ಜೆಯಲ್ಲಿಲ್ಲ, ಒಳಗಿರುವ ಲೋಹ ಯಾವುದು ಎಂಬುದರಲ್ಲಿದೆ ಎಂದು ತರಬೇತಿಗೆ ಬರುವವರಿಗೆ ಹೇಳುತ್ತಾ ಬಂದಿದ್ದೇನೆ. ಆ ಕಾರು ಅದನ್ನು ದೃಢಪಡಿಸಿತು. ಆದರೆ ನಾನು ಹೊಸದಾಗಿ ಕಲಿತದ್ದು ಬೇರೆ. ನಮ್ಮಂಥ ಸಲಹೆಗಾರರಿಗೆ ಬೇಡ ಎನ್ನುವುದು ಬಹಳ ಸುಲಭ. ಬೇಡ ಎಂದವರ ಮೇಲೆ ಯಾವ ಅಪವಾದವೂ ಬರುವುದಿಲ್ಲ. ಕಾರು ಶೆಡ್ಡಿಗೆ ವಾಪಸು ಹೋಗುತ್ತದೆ, ಒಬ್ಬ ಹಿರಿಯರು ಮನೆಯಲ್ಲಿ ಉಳಿಯುತ್ತಾರೆ, ನಾವು ನಿಶ್ಚಿಂತೆಯಿಂದ ಮಲಗುತ್ತೇವೆ. ನೋಡಿ, ಪರೀಕ್ಷಿಸಿ, ಜವಾಬ್ದಾರಿ ಹೊತ್ತು ಹೌದು ಎನ್ನುವುದು ಕಷ್ಟ. ಜನ ನಮ್ಮನ್ನು ಹುಡುಕಿಕೊಂಡು ಬರುವುದು ಆ ಹೌದಿಗಾಗಿ. ಅದನ್ನು ಹೇಳಲು ಸಾಧ್ಯವಾದ ದಿನ ಸಿಗುವ ಸಮಾಧಾನಕ್ಕೆ ಸಮನಾದದ್ದು ನನ್ನ ವೃತ್ತಿಯಲ್ಲಿ ಬೇರೆ ಸಿಕ್ಕಿಲ್ಲ.